ಪಿ.ಡಿ. ಸಾರ್ ಒಬ್ಬರೇ

ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಂಡ್ಯದ ಲೆಕ್ಕದಲ್ಲಿ ಹೇಳುವುದಾದರೆ ಒಂದೂಕಾಲು ಗುಂಟೆ. ವಾಲಿಬಾಲ್‌ಗೆ ಒಂದೂವರೆ ಗುಂಟೆ ಚಿಲ್ಲರೆ, ಖೋ ಖೋಗೆ ನಾಲ್ಕೂಕಾಲು ಗುಂಟೆ ಸಾಕು. ಫುಟ್‌ಬಾಲ್‌ಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಪಂದ್ಯಕ್ಕೆ ಒಪ್ಪುವ ಅತಿ ಚಿಕ್ಕ ಮೈದಾನವೇ 100 ಮೀಟರ್ ಉದ್ದ, 64 ಮೀಟರ್ ಅಗಲ ಇರಬೇಕು. ಅಂದರೆ ಒಂದು ಎಕರೆ ಇಪ್ಪತ್ಮೂರು ಗುಂಟೆ. ವಿಸ್ತೀರ್ಣದ ಲೆಕ್ಕದಲ್ಲಿ ಅಷ್ಟು ಜಾಗ 49 ಕಬಡ್ಡಿ ಅಂಕಣಗಳಿಗೆ ಸಮ. ಕಬ್ಬು, ಭತ್ತ ಬೆಳೆಯುವ ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಇಪ್ಪತ್ತೆರಡು ಜನ ಚೆಂಡು ಒದೆಯಲೆಂದು ಯಾರು ತಾನೇ ಒಂದೂವರೆ ಎಕರೆ ನೀರಾವರಿ ಭೂಮಿ ಬಿಟ್ಟಾರು?

ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳಲ್ಲಿ ‘ಫುಟ್‌ಬಾಲ್ ಕೋಚ್ ಯಾರು?’ ಎಂದು ಕೇಳಿದರೆ ಹುಡುಗರು ತಬ್ಬಿಬ್ಬಾಗುತ್ತಾರೆ. ‘ಪಿ.ಡಿ. ಸಾರ್ ಎಲ್ಲಿ?’ ಎಂದು ಕೇಳಿದರೆ ಮಾತ್ರ ಕೈ ತೋರಿಸುತ್ತಾರೆ. ಪಿ.ಡಿ. ಅಂದರೆ ಫಿಸಿಕಲ್ ಡೈರೆಕ್ಟರ್. ಸರ್ಕಾರಿ ಕಾಗದದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು. ಫುಟ್‌ಬಾಲ್‌ಗೂ ಅವರೇ, ಕಬಡ್ಡಿಗೂ ಅವರೇ, ಚೆಸ್‌ಗೂ ಅವರೇ, ಕ್ರಾಸ್ ಕಂಟ್ರಿ ಓಟಕ್ಕೂ ಅವರೇ. ಅಮೆರಿಕದ ಕಾಲೇಜುಗಳಲ್ಲಿ ನಲವತ್ತು ವರ್ಷ ಒಂದೇ ತಂಡವನ್ನು ಕಟ್ಟಿದ ಫುಟ್‌ಬಾಲ್ ಕೋಚ್‌ಗಳ ಬಗ್ಗೆ ಪುಸ್ತಕಗಳಿವೆ. ನಮ್ಮಲ್ಲಿ ಮೂವತ್ತು ವರ್ಷ ಹದಿನೈದು ಆಟಗಳನ್ನು ಒಬ್ಬರೇ ನಡೆಸಿದ ಪಿ.ಡಿ.ಗಳಿಗೆ ನಿವೃತ್ತಿಯ ದಿನ ಒಂದು ಶಾಲು, ಒಂದು ಹಾರ. ಈ ಎರಡು ವೃತ್ತಿಜೀವನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕಾಲೇಜು ಕ್ರೀಡೆಯ ಕಾಯಿಲೆ ಎಲ್ಲಿದೆ ಎಂಬುದು ಹೊಳೆಯುತ್ತದೆ. ಅದು ಪಿ.ಡಿ.ಯಲ್ಲಿ ಇಲ್ಲ. ಅವರ ಅಕ್ಕಪಕ್ಕ ಯಾರೂ ಇಲ್ಲದಿರುವುದರಲ್ಲಿ ಇದೆ.

ಮಂಡ್ಯಕ್ಕೆ ಫುಟ್‌ಬಾಲ್ ಏಕೆ ಬರಲಿಲ್ಲ ಎಂಬುದಕ್ಕೆ ಜಮೀನಿನ ಜೊತೆಗೆ ಇನ್ನೊಂದು ಕಾರಣವೂ ಇದೆ, ಅದು ಸ್ವಲ್ಪ ತಮಾಷೆಯದು. ಟಿಪ್ಪು ಸತ್ತ ಮೇಲೆ ಬ್ರಿಟಿಷರ ಸೈನ್ಯ ಬೀಡುಬಿಟ್ಟಿದ್ದು ಶ್ರೀರಂಗಪಟ್ಟಣದಲ್ಲೇ, ಅಂದರೆ ಇಂದಿನ ಮಂಡ್ಯ ಜಿಲ್ಲೆಯಲ್ಲೇ. ಸೊಳ್ಳೆ ಮತ್ತು ಜ್ವರದ ಕಾಟ ತಾಳಲಾರದೆ 1809ರಲ್ಲಿ ಅವರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಹಲಸೂರಿನ ಕಡೆಗೆ ಹೋದರು. ಅಲ್ಲಿ ಬೆಳೆದದ್ದೇ ದಂಡು ಪ್ರದೇಶ. ಮುಂದೆ ಸಿಪಾಯಿಗಳು ಬೂಟುಗಾಲಲ್ಲಿ ಆಡಿದ ಆಟವನ್ನು ಅವರ ಬಂಗಲೆಗಳಲ್ಲಿ, ಲಾಯಗಳಲ್ಲಿ ದುಡಿಯುತ್ತಿದ್ದವರ ಮಕ್ಕಳು ಬರಿಗಾಲಲ್ಲಿ ಕಲಿತರು. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ ಫುಟ್‌ಬಾಲ್ ಕೇರಿಗಳಾದವು. ಅತ್ತ ಕೋಲಾರದ ಚಿನ್ನದ ಗಣಿಯಲ್ಲೂ ಆಟ ಬೇರುಬಿಟ್ಟಿತು. ಬ್ರಿಟಿಷರಿಗೆ ಶ್ರೀರಂಗಪಟ್ಟಣದ ಸೊಳ್ಳೆ ಸಹ್ಯವಾಗಿದ್ದರೆ ಇವತ್ತು ಗಂಜಾಂ, ಪಾಲಹಳ್ಳಿ, ಬೆಳಗೊಳದಿಂದ ಸೆಂಟರ್ ಫಾರ್ವರ್ಡ್‌ಗಳು ಬರುತ್ತಿದ್ದರೋ ಏನೋ.

ದಂಡಿನ ಆ ಕೇರಿಗಳು ಕೊಟ್ಟದ್ದು ಸಣ್ಣದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯಲ್ಲಿ ರೋವರ್ಸ್ ಕಪ್ ಗೆದ್ದು, ಆ ಕಪ್ ಎತ್ತಿದ ಮೊದಲ ಭಾರತೀಯ ನಾಗರಿಕ ತಂಡವಾಯಿತು. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್‌ನ ದಂತಕತೆಯಾದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಮೈಸೂರು ರಾಜ್ಯ 1946, 1952ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 1967-68 ಮತ್ತು 1968-69ರಲ್ಲಿ ಸತತ ಎರಡು ಸಲ. ನಾಲ್ಕೂ ಫೈನಲ್‌ಗಳಲ್ಲಿ ಸೋತದ್ದು ಬಂಗಾಳ. ಅದಾದ ಮೇಲೆ ಬರಗಾಲ. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು: 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3–2.

ಈ ಇತಿಹಾಸದಲ್ಲಿ ಕಾಲೇಜುಗಳು ಬರುವುದು ಕಡಿಮೆ. ಆಟ ಬೆಳೆದದ್ದು ಸೈನ್ಯದ ತುಕಡಿಗಳಲ್ಲಿ, ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳ ತಂಡಗಳಲ್ಲಿ. ಕಾಲೆತ್ತಿ ಚೆನ್ನಾಗಿ ಒದೆಯುವವನಿಗೆ ಅಲ್ಲಿ ನೌಕರಿ ಸಿಗುತ್ತಿತ್ತು. ಮಂಡ್ಯದಲ್ಲಿ 1933ರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ಇತ್ತು ನಿಜ, ದಂಡು ಇರಲಿಲ್ಲ. ಕಾಲೇಜು ಕಟ್ಟಿದವರಿಗೂ ಈ ಜಿಲ್ಲೆಯಲ್ಲಿ ಕೊರತೆಯಿರಲಿಲ್ಲ. ‘ನಿತ್ಯ ಸಚಿವ’ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ 1962ರಲ್ಲೇ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ತೆರೆದರು. ಜಿ. ಮಾದೇಗೌಡರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಲ್ಲಿ ಭಾರತೀ ವಿದ್ಯಾಸಂಸ್ಥೆಗಳನ್ನು ನಿಲ್ಲಿಸಿದರು. ಮದ್ದೂರಿನಲ್ಲಿ ಎಚ್.ಕೆ. ವೀರಣ್ಣಗೌಡರ ಹೆಸರಿನ ಕಾಲೇಜು, ಮಳವಳ್ಳಿಯಲ್ಲಿ ಶಾಂತಿ ಕಾಲೇಜು ಬಂದವು. ರೈತರ ಮಕ್ಕಳು ಡಿಗ್ರಿ ಮಾಡಿದರು. ಆ ಮಕ್ಕಳು ಹಳ್ಳಿಯಿಂದ ತಂದ ಆಟ ಕಬಡ್ಡಿ, ಖೋ ಖೋ, ವಾಲಿಬಾಲ್. ಪಿ.ಡಿ. ಸಾರ್ ಕೈಗೆ ಸಿಕ್ಕ ಹದವಾದ ಮಣ್ಣು ಅದೇ.

ಪಿ.ಡಿ. ಆಗುವುದು ಸುಲಭವಲ್ಲ. ಎಂ.ಪಿ.ಎಡ್. ಆಗಬೇಕು, ಎನ್‌ಇಟಿಯೋ ಕೆ-ಸೆಟ್ಟೋ ಪಾಸಾಗಬೇಕು, ಆಟದಲ್ಲಿ ಸ್ವಂತ ಸಾಧನೆ ತೋರಿಸಬೇಕು. ಇಷ್ಟಾದ ಮೇಲೆ ಓಡಬೇಕು. ಯುಜಿಸಿಯ 2018ರ ನಿಯಮದ ಪ್ರಕಾರ 30 ವರ್ಷದೊಳಗಿನ ಗಂಡಸು 12 ನಿಮಿಷದಲ್ಲಿ 1,800 ಮೀಟರ್ ಓಡಬೇಕು ಅಥವಾ ನಡೆಯಬೇಕು, 40ರೊಳಗಿನವರು 1,500 ಮೀಟರ್. ಹೆಂಗಸರಿಗೆ 8 ನಿಮಿಷದಲ್ಲಿ ಕ್ರಮವಾಗಿ 1,000 ಮತ್ತು 800. ಕೆಮಿಸ್ಟ್ರಿ ಪ್ರೊಫೆಸರನ್ನು ಯಾರೂ ಓಡಿಸಿ ನೋಡುವುದಿಲ್ಲ. ಸಂಬಳ ಮಾತ್ರ ಇಬ್ಬರದೂ ಒಂದೇ. ಏಳನೇ ವೇತನ ಆಯೋಗದ ನಂತರ ಯುಜಿಸಿ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700 ರೂಪಾಯಿ, ಪಿ.ಡಿ.ಗೂ ಅಷ್ಟೇ. ಹುದ್ದೆ ಕಾಯಂ ಆದವರ ಮಾತು ಇದು. ಅತಿಥಿಯಾಗಿ, ಗುತ್ತಿಗೆಯಲ್ಲಿ ಸೀಟಿ ಊದುತ್ತಿರುವವರ ಮಾತು ಬೇರೆ.

ಕಾಯಂ ಆದ ಮೇಲೆ ಕೆಲಸ ಏನು? ಜುಲೈ-ಆಗಸ್ಟ್‌ನಲ್ಲಿ ಸ್ವಾತಂತ್ರ್ಯೋತ್ಸವದ ಪಥಸಂಚಲನ. ಅದರ ಬೆನ್ನಿಗೇ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಗಳ ಪಟ್ಟಿ ಬರುತ್ತದೆ. ಯಾವ ಆಟ ಯಾವ ಕಾಲೇಜಿನಲ್ಲಿ, ಯಾವ ದಿನ ಎಂದು ನೋಡಿ ತಂಡ ಆರಿಸಬೇಕು. ಒಬ್ಬೊಬ್ಬ ಹುಡುಗನ ಅರ್ಹತಾ ಫಾರಂ ತುಂಬಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ನೋಡಬೇಕು, ಏಕೆಂದರೆ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಲು ವಯಸ್ಸು 17ಕ್ಕಿಂತ ಕಡಿಮೆ, 25ಕ್ಕಿಂತ ಹೆಚ್ಚು ಇರುವಂತಿಲ್ಲ. ಜೆರ್ಸಿ ಹೊಲಿಸಬೇಕು. ಪ್ರಾಂಶುಪಾಲರ ಸಹಿ, ಮುಂಗಡ ಹಣ, ಬಸ್ ಟಿಕೆಟ್ಟು, ಊಟದ ಬಿಲ್ಲು. ವಾಪಸು ಬಂದ ಮೇಲೆ ಆ ಟಿಕೆಟ್ಟುಗಳನ್ನೆಲ್ಲ ಬಿಳಿ ಹಾಳೆಗೆ ಅಂಟಿಸಿ ಲೆಕ್ಕ ಒಪ್ಪಿಸಬೇಕು. ನಡುವೆ ಪ್ರವೇಶ ಸಮಿತಿ, ಶಿಸ್ತು ಸಮಿತಿ, ಪರೀಕ್ಷಾ ಮೇಲ್ವಿಚಾರಣೆ. ನ್ಯಾಕ್ ತಂಡ ಬರುವ ವರ್ಷವಾದರೆ ಐದು ವರ್ಷಗಳ ಪದಕ, ಪ್ರಮಾಣಪತ್ರಗಳ ಕಡತ, ಏಕೆಂದರೆ ಕ್ರೀಡಾ ಪ್ರಶಸ್ತಿಗೂ ನ್ಯಾಕ್ ಅಂಕವಿದೆ. ಕಾಲೇಜಿನಲ್ಲಿ ಗಲಾಟೆಯಾದರೆ ಬಿಡಿಸಲು ಓಡುವವರೂ ಪಿ.ಡಿ. ಸಾರ್. ಗಟ್ಟಿ ಧ್ವನಿ ಇರುವುದರ ತೊಂದರೆ ಇದು.

ಇಷ್ಟೆಲ್ಲ ಮುಗಿಸಿ ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಬಂದರೆ ಹುಡುಗರು ಇರುವುದಿಲ್ಲ. ‘ಸಾ, ಬಸ್ಸು ಹೊಂಟೋಯ್ತದೆ.’ ಹಲಗೂರಿನ ಹುಡುಗ, ಕೊಪ್ಪದ ಹುಡುಗಿ, ಬೆಸಗರಹಳ್ಳಿಯಿಂದ ಬರುವವರು ಎಲ್ಲರಿಗೂ ಸಂಜೆಯ ಆ ಒಂದು ಬಸ್ಸೇ ಆಧಾರ. ಮನೆಗೆ ಹೋದರೆ ಹಸುವಿಗೆ ಹುಲ್ಲು ತರಬೇಕು, ಡೇರಿಗೆ ಹಾಲು ಹಾಕಬೇಕು. ಮೈದಾನದಲ್ಲಿ ಉಳಿಯುವವರು ಹಾಸ್ಟೆಲ್ ಹುಡುಗರು ಮಾತ್ರ. ಅದಕ್ಕೇ ಈ ಭಾಗದಲ್ಲಿ ಅಷ್ಟಿಷ್ಟು ಫುಟ್‌ಬಾಲ್ ಉಳಿದಿರುವುದು ದೊಡ್ಡ ಹಾಸ್ಟೆಲ್ ಇರುವ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ. ಹನ್ನೊಂದು ಜನ ಒಂದೇ ಹೊತ್ತಿಗೆ ಒಂದೇ ಕಡೆ ಸೇರುವುದೇ ಈ ಆಟದ ಮೊದಲ ಕಷ್ಟ.

ಎರಡನೆಯ ಕಷ್ಟ ಕೋಚ್‌ಗೆ ಸೇರಿದ್ದು. ಕಬಡ್ಡಿಯಲ್ಲಿ ಅಂಕಣದೊಳಗೆ ಒಂದು ತಂಡದ ಏಳು ಜನ. ಗೆರೆಯ ಪಕ್ಕ ನಿಂತರೆ ಎಲ್ಲರ ಕಾಲೂ ಕಾಣುತ್ತದೆ. ಒಬ್ಬನೇ ಮೇಷ್ಟ್ರು ಹದಿನಾಲ್ಕು ಜನರನ್ನು ತಿದ್ದಬಹುದು. ಫುಟ್‌ಬಾಲ್‌ನಲ್ಲಿ ಆ ತುದಿಯ ಗೋಲ್‌ಕೀಪರ್ ತಪ್ಪು ಹೆಜ್ಜೆ ಇಟ್ಟದ್ದು ಈ ತುದಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲು ಕಾಯುವವನ ಅಭ್ಯಾಸವೇ ಬೇರೆ: ಬೀಳುವುದು ಹೇಗೆ, ಚೆಂಡು ಎದೆಗೆ ತೆಗೆದುಕೊಳ್ಳುವುದು ಹೇಗೆ, ಯಾವಾಗ ಗೆರೆ ಬಿಟ್ಟು ಮುಂದೆ ಬರಬೇಕು. ಅವನಿಗೆ ಒಂದೇ ಸಮನೆ ಚೆಂಡು ಒದೆಯಲು ಒಬ್ಬ ಬೇಕು. ಅದೇ ಹೊತ್ತಿಗೆ ಹಿಂದಿನ ನಾಲ್ವರಿಗೆ ಒಟ್ಟಾಗಿ ಸರಿಯುವುದನ್ನು ಹೇಳಿಕೊಡಲು ಇನ್ನೊಬ್ಬ, ಮುಂದಿನವರಿಗೆ ಮತ್ತೊಬ್ಬ. ಮಂಡಿ ತಿರುಚಿ ಬಿದ್ದವನನ್ನು ನೋಡಲು ಫಿಸಿಯೋ. ಒಬ್ಬನೇ ಕೋಚ್ ಇದ್ದರೆ ಅಭ್ಯಾಸ ಎನ್ನುವುದು ಎರಡು ಗುಂಪು ಮಾಡಿ ‘ಆಡ್ಕಳ್ರಪ್ಪ’ ಎಂದು ಬಿಡುವುದರಲ್ಲಿ ಮುಗಿಯುತ್ತದೆ. ಇದು ಸೋಮಾರಿತನವಲ್ಲ. ಒಬ್ಬರಿಂದ ಆಗುವುದು ಅಷ್ಟೇ.

ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಆನ್ಸನ್ ಡೊರ್ರನ್ಸ್ ಅವರ ಕಥೆ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಅವರು ಹುಟ್ಟಿದ್ದು 1951ರಲ್ಲಿ, ನಮ್ಮ ಮುಂಬೈಯಲ್ಲಿ. ಅಪ್ಪನಿಗೆ ತೈಲ ಕಂಪನಿಯ ಕೆಲಸ. ಕಾನೂನು ಓದುತ್ತಿದ್ದಾಗಲೇ ವಿಶ್ವವಿದ್ಯಾಲಯದ ಪುರುಷರ ಫುಟ್‌ಬಾಲ್ ತಂಡ ಅವರ ಕೈಗೆ ಬಂತು. 1979ರಲ್ಲಿ ಮಹಿಳಾ ತಂಡ ಶುರುವಾಯಿತು, ಅದಕ್ಕೂ ಅವರೇ ಕೋಚ್. 2024ರ ಆಗಸ್ಟ್‌ನಲ್ಲಿ ನಿವೃತ್ತರಾಗುವವರೆಗೆ ಆ ತಂಡವನ್ನು ಬಿಡಲಿಲ್ಲ. 45 ಋತು, 1981ರ ಮೊದಲ ಪ್ರಶಸ್ತಿಯೂ ಸೇರಿ 22 ರಾಷ್ಟ್ರೀಯ ಪ್ರಶಸ್ತಿ. ಹೆಸರಾಂತ ಆಟಗಾರ್ತಿ ಮಿಯಾ ಹ್ಯಾಮ್ ಬೆಳೆದದ್ದು ಅಲ್ಲಿ. 1991ರಲ್ಲಿ ಚೀನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಅಮೆರಿಕ ತಂಡದ ಕೋಚ್ ಕೂಡ ಇವರೇ.

ಪತ್ರಿಕೆಗಳು ಬರೆದದ್ದೆಲ್ಲ ಡೊರ್ರನ್ಸ್ ಬಗ್ಗೆ. ಅವರ ಪಕ್ಕದಲ್ಲಿ ಬಿಲ್ ಪಲಾಡಿನೊ ಎಂಬ ಸಹಾಯಕ ನಾಲ್ಕು ದಶಕಗಳ ಹತ್ತಿರ ನಿಂತಿದ್ದರು. ಗೋಲ್‌ಕೀಪರ್‌ಗಳ ಹೊಣೆ 1990ರ ದಶಕದಿಂದ ಕ್ರಿಸ್ ಡ್ಯೂಕರ್ ಎಂಬ ಇನ್ನೊಬ್ಬ ಕೋಚ್‌ದಾಗಿತ್ತು. ಡೊರ್ರನ್ಸ್ ಪ್ರಸಿದ್ಧರಾದದ್ದು ಒಂದು ಪದ್ಧತಿಯಿಂದ. ಅಭ್ಯಾಸದಲ್ಲಿ ನಡೆಯುವ ಪ್ರತಿ ಓಟ, ಪ್ರತಿ ಪೈಪೋಟಿಯನ್ನೂ ಬರೆದಿಟ್ಟು ಆಟಗಾರ್ತಿಯರಿಗೆ ರ‍್ಯಾಂಕ್ ಕೊಡುವುದು. ಅದೇ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅವರನ್ನು ನೋಡಿ ಕಲಿತದ್ದು ಅದು. ಯೋಚನೆ ಒಬ್ಬರದು ಸರಿ, ಬರೆಯುವವರು ಯಾರು? ಹಾಳೆ ಹಿಡಿದು ಅಂಚಿನಲ್ಲಿ ನಿಂತ ವಿದ್ಯಾರ್ಥಿ ಮ್ಯಾನೇಜರ್‌ಗಳು, ಸಹಾಯಕರು. ಅವರಿಲ್ಲದಿದ್ದರೆ ಆ ಪದ್ಧತಿ ಡೊರ್ರನ್ಸ್ ಅವರ ತಲೆಯಲ್ಲೇ ಉಳಿಯುತ್ತಿತ್ತು. ಅವರು ಋತು ಆರಂಭವಾಗುವ ಹೊತ್ತಿಗೆ ದಿಢೀರನೆ ನಿವೃತ್ತಿ ಘೋಷಿಸಿದಾಗ ಸಹಾಯಕರಾಗಿದ್ದ ಡೇಮನ್ ನಹಾಸ್ ತಂಡ ವಹಿಸಿಕೊಂಡರು. ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ಮತ್ತೆ ಗೆದ್ದರು. ದೊಡ್ಡ ಕೋಚ್ ಹೋದ ಮೇಲೂ ತಂಡ ನಿಂತಿತೆಂದರೆ ಅಲ್ಲಿ ಕಟ್ಟಿದ್ದು ಒಂದು ತಂಡವನ್ನಷ್ಟೇ ಅಲ್ಲ, ಒಂದು ಸಿಬ್ಬಂದಿಯನ್ನು.

ಇಂಡಿಯಾನಾ ವಿಶ್ವವಿದ್ಯಾಲಯದ ಜೆರ‍್ರಿ ಯೇಗ್ಲಿ ನಮ್ಮ ಪಿ.ಡಿ.ಗಳಿಗೆ ಇನ್ನೂ ಹತ್ತಿರದವರು. 1963ರಲ್ಲಿ ಅಲ್ಲಿಗೆ ಬಂದಾಗ ಫುಟ್‌ಬಾಲ್‌ಗೆ ಅಧಿಕೃತ ಮಾನ್ಯತೆಯೇ ಇರಲಿಲ್ಲ. ಹತ್ತು ವರ್ಷ ಕ್ಲಬ್ ತಂಡವಾಗಿ ನಡೆಸಿದರು. 1973ರಲ್ಲಿ ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಅಲ್ಲಿಂದ 2003ರವರೆಗೆ ಆರು ರಾಷ್ಟ್ರೀಯ ಪ್ರಶಸ್ತಿ, ಕೊನೆಯದು ನಿವೃತ್ತಿಯ ಋತುವಿನಲ್ಲೇ. ಆ ಮೊದಲ ಹತ್ತು ವರ್ಷ ಯೇಗ್ಲಿ ಅನುಭವಿಸಿದ್ದು ಏನು ಎಂದು ಮಳವಳ್ಳಿಯ ಯಾವ ಪಿ.ಡಿ.ಯನ್ನು ಕೇಳಿದರೂ ಹೇಳಿಯಾರು. ಅಲ್ಲಿ ಹನ್ನೊಂದನೇ ವರ್ಷ ಬಂತು, ಇಲ್ಲಿ ವರ್ಗಾವಣೆ ಬರುತ್ತದೆ.

ಅಮೆರಿಕದ ದುಡ್ಡು, ಅಲ್ಲಿನ ಹುಲ್ಲು ಹಾಸು ನಮಗೆ ಯಾವ ಲೆಕ್ಕ ಎನ್ನಬಹುದು. ಸರಿ, ಹೈದರಾಬಾದಿಗೆ ಬರೋಣ. ಭಾರತ ಕಂಡ ಅತ್ಯುತ್ತಮ ಫುಟ್‌ಬಾಲ್ ಕೋಚ್ ಸೈಯದ್ ಅಬ್ದುಲ್ ರಹೀಂ ಒಬ್ಬ ಶಾಲಾ ಮೇಷ್ಟ್ರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿದ್ದವರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು, 1963ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಳ್ಳುವವರೆಗೂ ಅವರದಾಗಿಯೇ ಇತ್ತು. 1950ರಿಂದ 54ರವರೆಗೆ ಆ ತಂಡ ರೋವರ್ಸ್ ಕಪ್ ಅನ್ನು ಸತತ ಐದು ಸಲ ಗೆದ್ದಿತು. ಭಾರತ ತಂಡ ಅವರ ಕೈಯಲ್ಲಿ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಬೆಂಗಳೂರಿನ ಕೆಂಪಯ್ಯ 1956, 1960ರ ಒಲಿಂಪಿಕ್ಸ್ ಆಡಿದ್ದು, ಅರುಮೈನಾಯಗಂ 1962ರ ಜಕಾರ್ತಾ ಚಿನ್ನದ ತಂಡದಲ್ಲಿದ್ದದ್ದು ರಹೀಂ ಅವರ ಕಾಲದಲ್ಲೇ.

ರಹೀಂ ಅವರ ಬಳಿ ಹಣ ಇರಲಿಲ್ಲ, ಉಪಾಯ ಇತ್ತು. ಹುಡುಗರು ಚೆಂಡು ಕಾಲಿಗಂಟಿಸಿಕೊಂಡು ಒಬ್ಬೊಬ್ಬರೇ ಓಡುವುದನ್ನು ಬಿಡಿಸಲು ಡ್ರಿಬ್ಲಿಂಗ್ ನಿಷೇಧಿಸಿದ ಟೂರ್ನಿ ನಡೆಸಿದರು. ಎಡಗಾಲು ಪಳಗಲೆಂದು ದುರ್ಬಲ ಕಾಲಿನಲ್ಲೇ ಆಡುವ ಪಂದ್ಯ ಇಟ್ಟರು. ಇವೆರಡಕ್ಕೂ ಕಾಸು ಬೇಡ. ಇವತ್ತು ಮದ್ದೂರಿನ ಯಾವ ಕಾಲೇಜಿನಲ್ಲಾದರೂ ಮಾಡಬಹುದು. ಅವರಿಗೆ ಸಿಕ್ಕ, ನಮ್ಮವರಿಗೆ ಸಿಗದ ಒಂದು ವಸ್ತು ಎಂದರೆ ಸಮಯ. ಪೊಲೀಸ್ ತಂಡದ ಆಟಗಾರ ಹತ್ತು ವರ್ಷ ಅಲ್ಲೇ ಇರುತ್ತಾನೆ. ಬಿ.ಎ. ಓದುವ ಹುಡುಗ ಮೂರು ವರ್ಷಕ್ಕೆ ಹೊರಟುಬಿಡುತ್ತಾನೆ. ಕಾಲೇಜು ಕೋಚ್ ಪ್ರತಿ ಜೂನ್‌ನಲ್ಲೂ ತಂಡದ ಮೂರನೇ ಒಂದು ಪಾಲನ್ನು ಕಳೆದುಕೊಂಡು ಹೊಸಬರನ್ನು ಹುಡುಕಬೇಕು. ಸೆಮಿಸ್ಟರ್ ಬಂದ ಮೇಲೆ ವರ್ಷಕ್ಕೆ ಎರಡು ಪರೀಕ್ಷೆ, ಆಟಕ್ಕೆ ಉಳಿಯುವ ತಿಂಗಳು ಇನ್ನೂ ಕಡಿಮೆ. ಆಟಗಾರ ಹೀಗೆ ಬಂದು ಹಾಗೆ ಹೋಗುವ ಜಾಗದಲ್ಲಿ ಉಳಿಯಬೇಕಾದವನು ಕೋಚ್. ಕಲಿತದ್ದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಅವನ ಮೂಲಕವೇ. ರಹೀಂ ಅವರ ಮಗ ಎಸ್.ಎಸ್. ಹಕೀಂ 1960ರ ಒಲಿಂಪಿಕ್ಸ್ ತಂಡದಲ್ಲಿದ್ದವರು, ಆಮೇಲೆ ಕೋಚ್ ಆದರು, ಅಂತರರಾಷ್ಟ್ರೀಯ ರೆಫರಿಯೂ ಆದರು. ಅವರು 2021ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.

ನಮ್ಮ ವ್ಯವಸ್ಥೆ ಪಿ.ಡಿ.ಯನ್ನು ಒಂದೇ ಆಟದಲ್ಲಿ ನಿಲ್ಲಲೂ ಬಿಡುವುದಿಲ್ಲ. ವಿಶ್ವವಿದ್ಯಾಲಯದ ತಂಡ ದಕ್ಷಿಣ ವಲಯದ ಟೂರ್ನಿಗೆ ಹೊರಟಾಗ ಜೊತೆಗೆ ಒಬ್ಬ ಕೋಚ್, ಒಬ್ಬ ಮ್ಯಾನೇಜರ್ ಹೋಗುತ್ತಾರೆ. ಕಾಲೇಜು ಪಿ.ಡಿ.ಗಳೇ ಸರದಿಯ ಮೇಲೆ ಹೋಗುವುದು ವಾಡಿಕೆ. ಈ ವರ್ಷ ಫುಟ್‌ಬಾಲ್ ತಂಡದ ಜೊತೆ ಹೋದವರು ಮುಂದಿನ ವರ್ಷ ಬ್ಯಾಡ್ಮಿಂಟನ್ ಜೊತೆ. ಎಲ್ಲರಿಗೂ ಅವಕಾಶ ಸಿಗಲಿ ಎಂಬ ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಹೀಗೆ ಸರದಿ ತಿರುಗಿಸಿ ಯಾವ ದೇಶವೂ ಕೋಚ್‌ಗಳನ್ನು ತಯಾರು ಮಾಡಿಲ್ಲ. ಪ್ರೊ ಕಬಡ್ಡಿಯನ್ನೇ ನೋಡಿ. ಬೆಂಗಳೂರು ಬುಲ್ಸ್ ತಂಡ ರಣಧೀರ್ ಸಿಂಗ್ ಸೆಹ್ರಾವತ್ ಅವರನ್ನು ಮೊದಲ ಆವೃತ್ತಿಯಿಂದ ಹನ್ನೊಂದನೆಯದರವರೆಗೂ ಉಳಿಸಿಕೊಂಡಿತು. 2019ರ ಜನವರಿಯಲ್ಲಿ ಕಪ್ ಗೆದ್ದಾಗ ತಂಡದ ತರಬೇತಿಯಲ್ಲಿ ಕನ್ನಡಿಗ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಕೂಡ ಇದ್ದರು. ರಮೇಶ್ ಆಮೇಲೆ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ತಂದುಕೊಟ್ಟರು. ಒಂದು ಕಡೆ ಜೊತೆಗಾರನಾಗಿ ನಿಂತವನು ಇನ್ನೊಂದು ಕಡೆ ಯಜಮಾನನಾಗುತ್ತಾನೆ. ಕೋಚ್‌ಗಳು ಹುಟ್ಟುವುದೇ ಹಾಗೆ. ಒಬ್ಬಂಟಿ ಪಿ.ಡಿ.ಯ ಮೈದಾನದಲ್ಲಿ ಇನ್ನೊಬ್ಬ ಕೋಚ್ ಹುಟ್ಟಲು ಜಾಗವೇ ಇಲ್ಲ. ಅವರು ನಿವೃತ್ತರಾದ ದಿನ ಕಲಿತದ್ದೆಲ್ಲವೂ ಅವರೊಂದಿಗೆ ಮನೆಗೆ ಹೋಗುತ್ತದೆ.

ದೀರ್ಘ ಸೇವೆಯನ್ನು ಕಣ್ಮುಚ್ಚಿ ಹೊಗಳುವುದೂ ತಪ್ಪು. ಡೊರ್ರನ್ಸ್ ವಿರುದ್ಧ 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಮೊಕದ್ದಮೆ ಹೂಡಿದ್ದರು. ಆಟಗಾರ್ತಿಯರ ಖಾಸಗಿ ಬದುಕಿನ ಬಗ್ಗೆ ಅನುಚಿತವಾಗಿ ಮಾತಾಡುತ್ತಾರೆ ಎಂಬುದು ಆರೋಪಗಳಲ್ಲೊಂದು. ಅದರಲ್ಲಿ ಒಂದು ಪ್ರಕರಣ ಹತ್ತು ವರ್ಷ ನಡೆಯಿತು. 2008ರಲ್ಲಿ ವಿಶ್ವವಿದ್ಯಾಲಯ ಹಣ ಕೊಟ್ಟು ರಾಜಿ ಮಾಡಿಕೊಂಡಿತು, ಡೊರ್ರನ್ಸ್ ಲಿಖಿತವಾಗಿ ಕ್ಷಮೆ ಕೇಳಿದರು. ತಂಡದ ಆಯ್ಕೆ, ಪ್ರಮಾಣಪತ್ರ, ಕ್ರೀಡಾ ಕೋಟಾ ಎಲ್ಲವೂ ಒಬ್ಬರ ಕೈಯಲ್ಲಿದ್ದು, ಅವರು ಅಲ್ಲೇ ಮೂವತ್ತು ವರ್ಷ ಕೂತರೆ ಅಧಿಕಾರ ಬೆಳೆಯುತ್ತದೆ, ಪ್ರಶ್ನಿಸುವವರು ಕಡಿಮೆಯಾಗುತ್ತಾರೆ. ನಮ್ಮ ಕಾಲೇಜುಗಳಲ್ಲೂ ಹುಡುಗಿಯರ ತಂಡವನ್ನು ದೂರದ ಊರಿಗೆ ಒಯ್ಯುವವರು ಬಹುಪಾಲು ಗಂಡಸರೇ. ತಂಡದ ಜೊತೆ ಒಬ್ಬ ಉಪನ್ಯಾಸಕಿಯನ್ನು ಕಳಿಸುವುದು ಕೆಲವು ಕಡೆ ಇದೆ, ಅದೂ ಕೊನೇ ಗಳಿಗೆಯಲ್ಲಿ ಯಾರು ಸಿಕ್ಕರೆ ಅವರನ್ನು. ಆಟ ತಿಳಿದ ಹೆಣ್ಣುಮಗಳೊಬ್ಬಳು ಸಿಬ್ಬಂದಿಯಲ್ಲಿ ಕಾಯಂ ಆಗಿ ಇದ್ದರೆ ಹುಡುಗಿಯರಿಗೂ ಧೈರ್ಯ, ಪಿ.ಡಿ. ಸಾರ್‌ಗೂ ಒಂದು ರಕ್ಷಣೆ. ಜೊತೆಗಾರರು ಬೇಕಾಗಿರುವುದು ಗೋಲು ಹೊಡೆಸಲು ಮಾತ್ರವಲ್ಲ.

ಹುಡುಗಿಯರ ಮಾತು ಬಂದಾಗ ಮಳವಳ್ಳಿಯ ಪಕ್ಕದ ತಾಲ್ಲೂಕಿನ ಉದಾಹರಣೆ ಹೇಳಲೇಬೇಕು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ನೇಪಾಳ ವಿರುದ್ಧದ ಫೈನಲ್‌ನಲ್ಲಿ ಪಂದ್ಯದ ಶ್ರೇಷ್ಠ ಆಟಗಾರ್ತಿಯೂ ಆದರು. ಊರಿನ ಶಾಲೆಯ ದೈಹಿಕ ಶಿಕ್ಷಕರ ಕೈಯಲ್ಲಿ ಪಳಗಿದ ಹುಡುಗಿ. ನಾಲ್ಕೂಕಾಲು ಗುಂಟೆ ಜಾಗ, ಎರಡು ಕಂಬ, ವರ್ಷಗಟ್ಟಲೆ ಅಲ್ಲೇ ನಿಂತ ಒಬ್ಬ ಮೇಷ್ಟ್ರು ಇದ್ದರೆ ಇಷ್ಟು ಸಾಧ್ಯ. ಒಬ್ಬರಿಂದ ಆಗುವ ಆಟಗಳಲ್ಲಿ ಈ ಸೀಮೆ ಹಿಂದೆ ಬಿದ್ದಿಲ್ಲ. ನಾಲ್ಕು ಜನ ಬೇಕಾದ ಆಟಗಳಲ್ಲಿ ಮಾತ್ರ ಸೋತಿದೆ.

ಹಾಗಿದ್ದರೆ ಆ ನಾಲ್ಕು ಜನರನ್ನು ಎಲ್ಲಿಂದ ತರುವುದು? ಸರ್ಕಾರ ಪ್ರತಿ ಕಾಲೇಜಿಗೆ ನಾಲ್ಕು ಹುದ್ದೆ ಕೊಡುತ್ತದೆಂದು ನಂಬುವವರು ಯಾರೂ ಇಲ್ಲ, ಇರುವ ಹುದ್ದೆ ಖಾಲಿ ಬಿಡದಿದ್ದರೆ ಅದೇ ದೊಡ್ಡದು. ಆದರೆ ಮಂಡ್ಯದಿಂದ ಮದ್ದೂರು ಇಪ್ಪತ್ತು ಕಿಲೋಮೀಟರ್ ಆಸುಪಾಸು, ಮಳವಳ್ಳಿ ಅದಕ್ಕಿಂತ ದೂರ. ಮೂರೂ ಊರಿನ ಸರ್ಕಾರಿ, ಅನುದಾನಿತ, ಖಾಸಗಿ ಕಾಲೇಜುಗಳ ಪಿ.ಡಿ.ಗಳನ್ನು ಒಟ್ಟು ಸೇರಿಸಿದರೆ ಒಂದು ಒಳ್ಳೆಯ ಸಿಬ್ಬಂದಿಯೇ ಆಗುತ್ತದೆ. ಅವರಲ್ಲಿ ಓಟದಿಂದ ಬಂದವರು, ವಾಲಿಬಾಲ್‌ನಲ್ಲಿ ವಿಶ್ವವಿದ್ಯಾಲಯದ ಬ್ಲೂ ಆದವರು, ಕಬಡ್ಡಿಯವರು ಎಲ್ಲರೂ ಇದ್ದಾರೆ. ಒಬ್ಬೊಬ್ಬರು ಒಂದೊಂದು ಆಟ ಹಿಡಿದು, ಐದು ವರ್ಷ ಅದನ್ನು ಬಿಡದೆ, ಮೂರೂ ಊರಿನ ಮಕ್ಕಳಿಗೆ ವಾರದ ಕೊನೆಯಲ್ಲಿ ಒಂದೇ ಮೈದಾನದಲ್ಲಿ ತರಬೇತಿ ಕೊಟ್ಟರೆ? ಜಿಲ್ಲಾ ಕೇಂದ್ರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಂತೂ ಇದ್ದೇ ಇದೆ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರು ವಾರಗಳ ಪ್ರಮಾಣಪತ್ರ ಕೋರ್ಸ್ ನಡೆಸುತ್ತದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ‘ಡಿ’ ಲೈಸೆನ್ಸ್ ಕೋರ್ಸ್ ಕೆಲವೇ ದಿನಗಳದು. ಅದಕ್ಕೆ ರಜೆ ಮತ್ತು ಶುಲ್ಕ ಕೊಡಲು ಕಾಲೇಜಿಗೆ ಹೊರೆಯಾಗದು, ವಿದ್ಯಾರ್ಥಿಗಳಿಂದ ವಸೂಲಾಗುವ ಕ್ರೀಡಾ ಶುಲ್ಕ ಇರುವುದು ಇನ್ಯಾತಕ್ಕೆ?

ತರಬೇತಿಯ ಹೊತ್ತು ಸಂಜೆಯಿಂದ ಬೆಳಗ್ಗೆಗೆ ಬದಲಾದರೆ ಅರ್ಧ ಸಮಸ್ಯೆ ತೀರುತ್ತದೆ. ಬೆಳಗಿನ ಬಸ್ಸಿಗೆ ಬರುವ ಹುಡುಗರು ಎಂಟಕ್ಕೇ ಕಾಲೇಜಿನ ಮುಂದೆ ನಿಂತಿರುತ್ತಾರೆ, ತರಗತಿ ಶುರುವಾಗುವುದು ಹತ್ತಕ್ಕೆ. ಆ ಎರಡು ಗಂಟೆಯನ್ನು ಟೀ ಅಂಗಡಿಗೆ ಬಿಟ್ಟುಕೊಟ್ಟಿದ್ದೇವೆ. ಬದಲಿಗೆ ಹುಡುಗರಿಗೆ ಒಂದು ಮೊಟ್ಟೆ, ಒಂದು ಲೋಟ ಹಾಲು ಸಿಕ್ಕರೆ ಅವರು ಏಳಕ್ಕೇ ಬರುತ್ತಾರೆ.

ಈ ಸಾಲುಗಳನ್ನು ಓದುತ್ತಿರುವವರಲ್ಲಿ ಈ ಮೂರು ಊರಿನ ಕಾಲೇಜುಗಳಲ್ಲಿ ಆಡಿದವರು ಇರುತ್ತೀರಿ. ಪಿ.ಡಿ. ಸಾರ್ ಸಹಿ ಮಾಡಿಸಿಕೊಟ್ಟ ಪ್ರಮಾಣಪತ್ರದಿಂದ ಕ್ರೀಡಾ ಕೋಟಾದಲ್ಲಿ ಸೀಟು ಪಡೆದವರು, ಪೊಲೀಸ್, ರೈಲ್ವೆ, ಸೈನ್ಯ ಸೇರಿದವರು, ನಿವೃತ್ತರಾಗಿ ಊರಿಗೆ ಮರಳಿದವರು ಇರುತ್ತೀರಿ. ನಿಮ್ಮ ಹಳೆಯ ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದು ಅನುಮತಿ ಪಡೆಯಿರಿ, ವಾರಕ್ಕೆ ಎರಡು ಬೆಳಗ್ಗೆ ಹೋಗಿ. ಗೋಲ್‌ಕೀಪರ್‌ಗೆ ಚೆಂಡು ಒದೆಯುವವರು, ಓಟದ ಹೊತ್ತು ಬರೆದುಕೊಳ್ಳುವವರು, ಕಾಲು ಉಳುಕಿದವನಿಗೆ ಐಸ್ ಇಡುವವರು ಅಲ್ಲಿ ಬೇಕಾಗಿದ್ದಾರೆ. ಕೆಲಸ ಏನು ಎಂದು ಪಿ.ಡಿ. ಸಾರ್ ಹೇಳುತ್ತಾರೆ.